ಕುಪ್ಪಳಿಯ ಮನೆ, ಕಡಕೋಳದ ಹಾಡು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕುಪ್ಪಳಿ ಎಂಬ ಊರಿದೆ. ಊರು ಎಂದ ಕೂಡಲೇ ನಮ್ಮ ಕಡೆಯ ಮಕ್ಕಳು ಅಗಸಿ, ಹನುಮಪ್ಪನ ಗುಡಿ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಓಣಿ ಎಂದುಕೊಳ್ಳುತ್ತಾರೆ. ಕುಪ್ಪಳಿಯಲ್ಲಿ ಅದೇನೂ ಇಲ್ಲ. ಮಲೆನಾಡಿನಲ್ಲಿ ಒಂದು ಮನೆ, ಅದರ ಕೆಳಗೊಂದು ಅಡಕೆ ತೋಟ, ಒಂದಿಷ್ಟು ಗದ್ದೆ, ಬೆನ್ನಿಗೆ ಕಾಡು ಇದ್ದರೆ ಅದಕ್ಕೂ ಊರೆಂದೇ ಹೆಸರು. ಇಂಥ ಒಂದು ಮನೆಯಲ್ಲಿ ಬೆಳೆದ ಹುಡುಗ ಮುಂದೆ ರಾಷ್ಟ್ರಕವಿ ಕುವೆಂಪು ಆದರು. ಆ ಮನೆ ಈಗ ‘ಕವಿಮನೆ’. ಯಾರು ಬೇಕಾದರೂ ಹೋಗಿ ನೋಡಬಹುದು.

ನಾನು ಜೇವರ್ಗಿ ತಾಲ್ಲೂಕಿನವನು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮಗಳನ್ನು ಆಳಂದಕ್ಕೆ ಕೊಟ್ಟಿದ್ದೇವೆ. ದೊಡ್ಡ ಮಗ ಅಫಜಲಪುರದಲ್ಲಿದ್ದಾನೆ, ಸಣ್ಣವನು ನಮ್ಮ ಜೊತೆ ಊರಲ್ಲೇ ಒಕ್ಕಲುತನ ನೋಡಿಕೊಂಡಿದ್ದಾನೆ. ಹೋದ ದಸರಾ ರಜೆಗೆ ಮೂರೂ ಮನೆಯ ಮೂವರು ಮೊಮ್ಮಕ್ಕಳನ್ನು ಕೂಡಿಸಿಕೊಂಡು ನಾನೂ ಇವರಾಯಿಯೂ ಕುಪ್ಪಳಿಗೆ ಹೊರಟೆವು. ಆಳಂದದ ಮೊಮ್ಮಗಳು ಏಳನೆಯ ಇಯತ್ತೆ, ಅಫಜಲಪುರದವನು ಐದನೆಯದು, ಮನೆಯ ಸಣ್ಣವಳು ಮೂರನೆಯದು. ತೊಗರಿ ಹೂವಿಗೆ ಬರುವ ಹೊತ್ತು. ರಾತ್ರಿ ಬಸ್ಸಿನಲ್ಲಿ ಕಪ್ಪು ಮಣ್ಣಿನ ಹೊಲ ಬಿಟ್ಟು ಹೊರಟವರು ಮರುದಿನ ಶಿವಮೊಗ್ಗದಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ತೀರ್ಥಹಳ್ಳಿ ಸೇರಿ, ಅಲ್ಲಿಂದ ಆಟೊ ಮಾಡಿಕೊಂಡು ಕುಪ್ಪಳಿ ಮುಟ್ಟಿದೆವು. ದಾರಿಯುದ್ದಕ್ಕೂ ಸಣ್ಣವಳದು ಒಂದೇ ಮಾತು: “ಮುತ್ಯಾ, ಇಲ್ಲಿ ಆಕಾಶ ಭಾಳ ಸಣ್ಣದದ.” ಎರಡೂ ಬದಿ ಮರ ಮುಚ್ಚಿಕೊಂಡ ದಾರಿಯಲ್ಲಿ ಬಯಲು ಸೀಮೆಯ ಮಗುವಿಗೆ ಬೇರೆ ಏನು ಕಂಡೀತು?

ಮಳೆ ಕಟ್ಟಿದ ಮನೆ

ಕವಿಮನೆಯದು ಮೂರು ಅಂತಸ್ತು. ಇಳಿಜಾರಾದ ಹೆಂಚಿನ ಮಾಡು, ನಡುವೆ ತೆರೆದ ಅಂಗಳ, ಸುತ್ತ ಜಗಲಿ. ಮಲೆನಾಡಿನವರು ಇದನ್ನು ಚೌಕಿಮನೆ ಎನ್ನುತ್ತಾರೆ. ಕಂಬ, ತೊಲೆ, ಬಾಗಿಲು, ಏಣಿ ಎಲ್ಲ ಮರದವು. ನಮ್ಮ ಕಡೆಯ ಮಾಳಿಗೆ ಮನೆಗಳನ್ನು ಕಂಡ ಅಫಜಲಪುರದ ಮೊಮ್ಮಗ ಮೊದಲು ಕೇಳಿದ್ದೇ ಮಾಡಿನ ಬಗ್ಗೆ: “ಮ್ಯಾಗ ಹಾಸಗಿ ಹಾಸಿ ಮಲಗಾಕ ಆಗಂಗಿಲ್ಲಲ್ಲ ಮುತ್ಯಾ, ಯಾಕ ಹಿಂಗ ಕಟ್ಯಾರ?”

ಒಳ್ಳೆಯ ಪ್ರಶ್ನೆ. ಉತ್ತರ ಮಳೆಯಲ್ಲಿದೆ. ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 750ರಿಂದ 800 ಮಿಲಿಮೀಟರು. ಇದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 7 ಸಾವಿರ ಮಿಲಿಮೀಟರು ದಾಟುವುದುಂಟು. ಅಷ್ಟು ನೀರು ಬಿದ್ದರೆ ನಮ್ಮ ಮಣ್ಣಿನ ಮಾಳಿಗೆ ಕರಗಿ ಕೆಳಗಿಳಿಯುತ್ತದೆ. ಅದಕ್ಕೇ ಅವರದು ನೀರು ಜಾರಿಹೋಗುವ ಮಾಡು. ನಮ್ಮಲ್ಲಿ ಬಿಸಿಲೇ ದೊಡ್ಡ ಕಾಟ. ಅದಕ್ಕೆ ದಪ್ಪ ಕಲ್ಲುಗೋಡೆ, ಸಣ್ಣ ಬಾಗಿಲು, ತಂಪಿಗೆ ನೆಲಕ್ಕೆ ಶಹಾಬಾದ್ ಫರಸಿ, ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಅವರು ಧಾನ್ಯವನ್ನು ನೆಲದಿಂದ ಮೇಲೆ ಕಣಜದಲ್ಲಿ ಇಟ್ಟರು. ನಾವು ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ಇಟ್ಟೆವು. ಆಯಾ ಸೀಮೆಯ ಹಿರಿಯರು ತಮ್ಮ ಆಕಾಶ ನೋಡಿ ತಮ್ಮ ಮನೆ ಕಟ್ಟಿಕೊಂಡರು.

ಕುವೆಂಪು ಹುಟ್ಟಿದ್ದು ಈ ಮನೆಯಲ್ಲಲ್ಲ. ಹೆರಿಗೆಗೆ ತವರಿಗೆ ಹೋಗುವ ವಾಡಿಕೆ ಅಲ್ಲೂ ಇದೆ. ತಾಯಿ ಸೀತಮ್ಮನವರ ತವರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ. ಅಲ್ಲಿ 1904ರ ಡಿಸೆಂಬರ್ 29ರಂದು ಮಗು ಹುಟ್ಟಿತು. ತಂದೆ ವೆಂಕಟಪ್ಪಗೌಡರು. ಮಗು ಅಂಬೆಗಾಲಿಟ್ಟದ್ದು, ಅಕ್ಷರ ಕಲಿತದ್ದು ಕುಪ್ಪಳಿಯ ಈ ಜಗಲಿಯ ಮೇಲೆ. ಮುಂದೆ ತೀರ್ಥಹಳ್ಳಿಯ ಶಾಲೆ, ಆಮೇಲೆ ಮೈಸೂರು. ತಂದೆ ತೀರಿಹೋದಾಗ ಹುಡುಗನಿಗೆ ಹನ್ನೆರಡು ವರ್ಷ. “ನನ್ನಷ್ಟ ಇದ್ರಲ್ಲ!” ಎಂದಳು ಏಳನೆಯ ಇಯತ್ತೆಯವಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಳಗೆ ಏನೇನಿದೆ?

ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ 1992ರಲ್ಲಿ ಶುರುವಾಯಿತು. ಕವಿಮನೆಯನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿರುವುದು ಈ ಸಂಸ್ಥೆ. ಕೋಣೆಯಿಂದ ಕೋಣೆಗೆ ಹೋದಂತೆ ಕವಿಯ ಬದುಕು ಒಂದೊಂದಾಗಿ ಬಿಚ್ಚುತ್ತದೆ. ಕುವೆಂಪು ಅವರ ಪುಸ್ತಕಗಳು, ಅವರು ಬಳಸಿದ ವಸ್ತುಗಳು, ಮನೆಮಂದಿಯ ಫೋಟೊಗಳು, ಬಂದ ಮಾನಸನ್ಮಾನಗಳು ಅಲ್ಲಿವೆ. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1967ನೇ ಸಾಲಿನ ಜ್ಞಾನಪೀಠವೂ ಬಂತು. ಕನ್ನಡಕ್ಕೆ ಸಿಕ್ಕ ಮೊದಲ ಜ್ಞಾನಪೀಠ ಅದು. 1937ರಲ್ಲಿ ಹೇಮಾವತಿಯವರ ಜೊತೆ ಅವರ ಮದುವೆಯಾಯಿತು. ಆ ಮದುವೆಯ ಮಂಟಪವನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಇವರಾಯಿ ಬಹಳ ಹೊತ್ತು ನಿಂತದ್ದು ಅದರ ಮುಂದೆಯೇ.

ಮಕ್ಕಳಿಗೆ ಮಾತ್ರ ಪ್ರಶಸ್ತಿಗಿಂತ ಅಡುಗೆಮನೆಯೇ ಹಿಡಿಸಿತು. ಒರಳು, ಒನಕೆ, ಬೀಸುಕಲ್ಲು, ತಾಮ್ರದ ದೊಡ್ಡ ದೊಡ್ಡ ಪಾತ್ರೆ. ನೂರಾರು ವರ್ಷ ಹಳೆಯ ಕೂಡು ಕುಟುಂಬದ ಮನೆ ಎಂದರೆ ದಿನವೂ ಮದುವೆ ಮನೆಯಂತೆಯೇ ಒಲೆ ಉರಿಯಬೇಕು. ಇವರಾಯಿ ಬೀಸುಕಲ್ಲಿನ ಗೂಟ ತೋರಿಸಿ, “ಇದರ ಮುಂದ ಕುಂತು ನಾನು ನಸುಕಿನ್ಯಾಗ ಹಾಡು ಹಾಡ್ತಿದ್ದೆ, ನಿಮ್ಮವ್ವಗ ಗೊತ್ತದ, ಕೇಳ್ರಿ” ಎಂದಳು. ಮಕ್ಕಳು ಬೀಸುಕಲ್ಲನ್ನು ಬಿಟ್ಟು ಆಯಿಯನ್ನೇ ನೋಡಿದರು!

ಒಕ್ಕಲುತನದ ಸಾಮಾನುಗಳೂ ಇವೆ. ಅಫಜಲಪುರದವನು ಎಲ್ಲವನ್ನೂ ಸುತ್ತಿ ಬಂದು, “ಇಲ್ಲಿ ಕೂರಿಗಿ ಇಲ್ಲ ಮುತ್ಯಾ” ಎಂದು ವರದಿ ಒಪ್ಪಿಸಿದ. ಅವರಪ್ಪನ ಹೊಲದಲ್ಲಿ ಅವನು ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟವನು. ಮಲೆನಾಡಿನಲ್ಲಿ ಭತ್ತದ ಸಸಿ ಮಾಡಿ, ಕಿತ್ತು, ಕೆಸರಿನಲ್ಲಿ ಕೈಯಿಂದ ನೆಡುತ್ತಾರೆ. ಕಪ್ಪು ಮಣ್ಣಿನಲ್ಲಿ ಜೋಳ, ತೊಗರಿ ಸಾಲಾಗಿ ಬಿತ್ತಲು ಬೇಕಾಗುವ ಕೂರಿಗೆ ಅವರಿಗೆ ಯಾಕೆ ಬೇಕು? ಅವರಿಗೆ ಬೇಕಾದದ್ದು ಅಡಕೆ ಸುಲಿಯುವ ಮೆಟ್ಟುಗತ್ತಿ. ಮೆಟ್ಟುಗತ್ತಿ ನಮ್ಮ ಈಳಿಗೆಯ ದಾಯಾದಿಯಂತೆ ಕಾಣುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. 2015ರ ನವೆಂಬರಿನಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಕವಿಗೆ ಸಂದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ಮಕ್ಕಳಿಗೆ ಇದನ್ನು ಹೇಳಿದಾಗ ಸಣ್ಣವಳು ಗಾಬರಿಯಾಗಿ, “ಪುಸ್ತಕಾನೂ ಕದ್ರೇನು?” ಎಂದಳು. ಇಲ್ಲವ್ವ, ಪುಸ್ತಕವನ್ನು ಹಾಗೆ ಕದಿಯಲು ಬರುವುದಿಲ್ಲ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಒಂದು ಪ್ರತಿ ಹೋದರೆ ಸಾವಿರ ಪ್ರತಿ ಇವೆ, ಅದಕ್ಕಿಂತ ಹೆಚ್ಚಾಗಿ ನಿನ್ನ ಬಾಯಲ್ಲೇ ಇದೆ. ಬಸ್ಸಿನಲ್ಲಿ ಎರಡು ಸಲ ಹೇಳಿದವಳು ನೀನೇ ಅಲ್ಲವೇ?

ತೋಟ, ಗುಡ್ಡ, ಬಂಡೆ

ಮನೆಯ ಸುತ್ತ ಅಡಕೆ ತೋಟ. ನೆಟ್ಟಗೆ, ತೆಳ್ಳಗೆ, ಒಂದೇ ಎತ್ತರದ ಮರಗಳು. ಮಲೆನಾಡಿನ ತೋಟಗಳಲ್ಲಿ ಆ ಮರಗಳನ್ನೇ ತಬ್ಬಿಕೊಂಡು ಕಾಳುಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ ಹಬ್ಬುತ್ತವೆ. ಒಂದೇ ನೆಲದಲ್ಲಿ ಕೆಳಗೊಂದು, ನಡುವೊಂದು, ಮೇಲೊಂದು ಬೆಳೆ. ನಮ್ಮ ಹೊಲದಲ್ಲಿ ತೊಗರಿ ಸಾಲಿನ ನಡುವೆ ಹೆಸರು, ಉದ್ದು ಹಾಕುವುದೂ ಇಂಥದೇ ಜಾಣತನ. ಇವರಾಯಿ ಎಲೆ-ಅಡಕೆ ಹಾಕುವವಳು. ಐವತ್ತು ವರ್ಷ ಬಾಯಲ್ಲಿ ಜಗಿದ ಅಡಕೆಯ ಮರವನ್ನು ಅವಳು ಮೊದಲ ಸಲ ಕೈಯಿಂದ ಮುಟ್ಟಿದಳು.

ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಮೇಲೆ ಅಗಲವಾದ ಕಲ್ಲಿನ ಹಾಸು. ರಜೆಗೆ ಊರಿಗೆ ಬಂದಾಗಲೆಲ್ಲ ಕುವೆಂಪು ಇಲ್ಲಿಗೆ ಬರುತ್ತಿದ್ದರು. ಇಲ್ಲಿ ಕುಳಿತು ಕಂಡ ಸೂರ್ಯೋದಯ, ಸೂರ್ಯಾಸ್ತ, ಮೋಡ, ಹಕ್ಕಿಯ ದನಿ ಅವರ ಕವಿತೆಗಳ ತುಂಬ ಇವೆ. ಗುರುಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಇಲ್ಲಿಗೆ ಬಂದಿದ್ದ ಗುರುತಿಗೆ ಬಂಡೆಯ ಮೇಲೆ ಕೆತ್ತಿದ ಹೆಸರುಗಳಿವೆ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡ ಕವಿಯ ಅಂತ್ಯಕ್ರಿಯೆ ಇಲ್ಲೇ ನಡೆಯಿತು. ಸುತ್ತ ಎದ್ದುನಿಂತಿರುವ ದೊಡ್ಡ ದೊಡ್ಡ ಕಲ್ಲುಗಂಬಗಳ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು. ಕವಿಯ ಮಗ, ‘ಕರ್ವಾಲೊ’ ಬರೆದ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲಿದೆ.

ನಾವು ಬಂಡೆಯ ಮೇಲೆ ಕುಳಿತು ಮನೆಯಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಎದುರಿಗೆ ಕಣ್ಣು ಹೋಗುವಷ್ಟು ದೂರ ಹಸಿರು ಬೆಟ್ಟ. ಇಲ್ಲಿ ಮಾತ್ರ ಸಣ್ಣವಳಿಗೆ ಆಕಾಶ ದೊಡ್ಡದಾಗಿ ಕಂಡಿತು.

ದುಡಿದವರ ಮನೆ ಎಲ್ಲಿ?

ಆಗ ಆಳಂದದ ಮೊಮ್ಮಗಳು ಕೇಳಿದಳು: “ಮುತ್ಯಾ, ಇದು ಗೌಡರ ಮನಿ. ಈ ಗದ್ದ್ಯಾಗ ದುಡಿದೋರು ಇದ್ರಲ್ಲ, ಅವರ ಮನಿ ಎಲ್ಲಿ ಅದಾವ?”

ಮೂವತ್ತೈದು ವರ್ಷ ಪಾಠ ಹೇಳಿದವನಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ದುಡಿದವರದು ಹುಲ್ಲಿನ ಗುಡಿಸಲು. ನಾಲ್ಕು ಮಳೆಗಾಲ ಕಳೆದರೆ ಅವು ಮಣ್ಣಾಗುತ್ತವೆ. ಅವುಗಳಿಗೆ ಕಂಬ ಇಲ್ಲ, ಹೆಂಚಿಲ್ಲ, ಜೀರ್ಣೋದ್ಧಾರ ಮಾಡಲು ಏನೂ ಉಳಿಯುವುದಿಲ್ಲ.

ಆದರೂ ಅವರು ಪೂರ್ತಿ ಅಳಿದುಹೋಗಿಲ್ಲ. ಕುವೆಂಪು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಹೊರತಂದರು. ಅದರಲ್ಲಿ ಗೌಡರೂ ಇದ್ದಾರೆ, ಹೆಗ್ಗಡೆಯವರೂ ಇದ್ದಾರೆ. ಆದರೆ ಓದಿದವರು ಯಾರೂ ಮರೆಯದಿರುವುದು ಗುತ್ತಿ ಎಂಬ ಜೀತದಾಳನ್ನು, ಅವನು ಪ್ರೀತಿಸಿದ ತಿಮ್ಮಿಯನ್ನು, ಅವನ ನಾಯಿ ಹುಲಿಯನನ್ನು. ದೊಡ್ಡಮನೆಯ ಜಗಲಿಯಲ್ಲಿ ಕುಳಿತು ಬೆಳೆದ ಹುಡುಗ, ಅಂಗಳದಾಚೆ ನಿಂತವರ ಮಾತನ್ನು ಕಿವಿಗೊಟ್ಟು ಕೇಳಿದ್ದ. ದೊಡ್ಡಮನೆಯನ್ನು ಪ್ರತಿಷ್ಠಾನ ಉಳಿಸಿತು, ಗುಡಿಸಲನ್ನು ಪುಸ್ತಕ ಉಳಿಸಿತು. ಮೊಮ್ಮಗಳಿಗೆ ಇದನ್ನೇ ಹೇಳಿದೆ.

ಅವಳು ಒಪ್ಪಿದಳು, ಆದರೆ ಬಿಡಲಿಲ್ಲ. “ಹಂಗಾರ ನಮ್ಮ ಕಡಿ ಕವಿಗಳ ಮನಿ ಎಲ್ಲಿ ಅದಾವ?”

ನಮ್ಮ ಮೂರು ತಾಲ್ಲೂಕಿನ ಕವಿಗಳು

ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಈ ಪ್ರಶ್ನೆಗೇ ಉತ್ತರ ಹುಡುಕುತ್ತ ಬಂದೆವು. ನಮ್ಮ ಸೀಮೆಗೆ ಕವಿಗಳ ಬರ ಇಲ್ಲ.

ಆಳಂದದವಳಿಗೆ ಹೇಳಿದೆ: ನಿನ್ನ ಊರಿನವನು ಏಕಾಂತದ ರಾಮಯ್ಯ. 12ನೆಯ ಶತಮಾನದ ಶಿವಶರಣ, ವಚನಕಾರ. ಅವನ ಊರು ಆಳಂದ ಎಂಬುದನ್ನು ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಕಲ್ಲಿನಲ್ಲಿ ಬರೆದಿಟ್ಟಿದೆ.

ಸಣ್ಣವಳಿಗೆ ಹೇಳಿದೆ: ನಿನ್ನ ಜೇವರ್ಗಿಯವರು ಷಣ್ಮುಖ ಶಿವಯೋಗಿಗಳು. ಬಸವಣ್ಣನವರ ಕಾಲವಾಗಿ ಐನೂರು ವರ್ಷ ಕಳೆದ ಮೇಲೆ ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ಮತ್ತೆ ವಚನ ಬರೆದವರು.

ಅಫಜಲಪುರದವನಿಗೆ ಹೇಳಿದೆ: ನಿನ್ನ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದವರು ಕಡಕೋಳ ಮಡಿವಾಳಪ್ಪನವರು. ತತ್ವಪದ ಹಾಡಿದ ದೊಡ್ಡ ಅನುಭಾವಿ. ನೆಲೆ ನಿಂತದ್ದು ಜೇವರ್ಗಿ ಸೀಮೆಯ ಕಡಕೋಳದಲ್ಲಿ. ಆ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರೂ ಒಬ್ಬರು. ಗುರು ಶಿಷ್ಯರ ನಡುವೆ ಜಾತಿ, ಮತ ಅಡ್ಡ ಬರಲಿಲ್ಲ. ಇಬ್ಬರ ಪದಗಳನ್ನೂ ನಮ್ಮ ಭಜನೆಯಲ್ಲಿ ಒಂದರ ಹಿಂದೆ ಒಂದು ಹಾಡುತ್ತಾರೆ.

ಊರಿಗೆ ಬಂದ ಮೂರನೆಯ ದಿನ ಮಕ್ಕಳನ್ನು ಕಡಕೋಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಡಿವಾಳೇಶ್ವರರ ಮಠವಿದೆ, ಗದ್ದುಗೆ ಇದೆ. ಭಕ್ತರು ಬರುತ್ತಾರೆ, ಹೋಗುತ್ತಾರೆ. ಆದರೆ ಕುಪ್ಪಳಿಯಲ್ಲಿ ಕಂಡಂತೆ ಇದು ಅವರ ಲೇಖನಿ, ಇದು ಕನ್ನಡಕ ಎಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಲು ಯೋಗಿಯ ಬಳಿ ಏನಿದ್ದೀತು? ಮಡಿವಾಳಪ್ಪನವರು ಬಿಟ್ಟುಹೋದದ್ದು ಹಾಡು. ಅದರ ಮನೆ ಹಾಡುವವರ ಗಂಟಲು. ಹಾಡುವವರು ನಿಂತರೆ ಆ ಮನೆ ಬಿತ್ತು.

ಗೆದ್ದಲು ತಿಂದ ನೋಟ್‌ಬುಕ್ಕು

ಈ ಮಾತು ನಾನು ಸುಮ್ಮನೆ ಆಡುತ್ತಿಲ್ಲ. ನಮ್ಮಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅಮಾವಾಸ್ಯೆಯ ರಾತ್ರಿ ಏಕತಾರಿ ಹಿಡಿದು ಕುಳಿತರೆ ಬೆಳ್ಳಿ ಚುಕ್ಕಿ ಮೂಡುವ ತನಕ ತತ್ವಪದ ಹಾಡುತ್ತಿದ್ದ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವನು ಹೇಳಿದ, ನಾನು ಬರೆದೆ. ಹಾಗೆ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ 41 ಪದಗಳಾದವು. ಅಪ್ಪ ಹೋದ ಮೇಲೆ ಅದು ಟ್ರಂಕಿನಲ್ಲಿತ್ತು. ಕಡಕೋಳದಿಂದ ಬಂದ ಸಂಜೆ ಮಕ್ಕಳ ಮುಂದೆ ಟ್ರಂಕು ತೆಗೆದೆ. ಗೆದ್ದಲು ಬಂದಿತ್ತು. ಮೂವತ್ತು ಪದ ನೆಟ್ಟಗಿದ್ದವು. ಹನ್ನೊಂದು ಪದಗಳ ಸಾಲುಗಳು ನಡುವೆಯೇ ಹರಿದು, ಪುಡಿಯಾಗಿದ್ದವು.

ನಮ್ಮೂರ ಭಜನಾ ಮೇಳದಲ್ಲಿ ಈಗ ಉಳಿದಿರುವವರು ನಾಲ್ವರು. ಅವರಲ್ಲಿ ಹಿರಿಯರಿಗೆ ಎಂಬತ್ತು ದಾಟಿದೆ. ಅಪ್ಪನ ಜೊತೆ ದಮ್ಮಡಿ ಬಾರಿಸುತ್ತಿದ್ದವರು ಅವರು. ಮೊಮ್ಮಗಳು ಮರುದಿನ ಬೆಳಿಗ್ಗೆಯೇ ಹೊಸ ನೋಟ್‌ಬುಕ್ಕು ಹಿಡಿದು ಅವರ ಮನೆಗೆ ಹೋದಳು. ಉಳಿದಿಬ್ಬರೂ ಹಿಂಬಾಲಿಸಿದರು. ಅಜ್ಜನಿಗೆ ಕಣ್ಣು ಮಂದ. ಮೊಮ್ಮಗಳು ಹರಿದ ಸಾಲಿನ ಮೊದಲ ಎರಡು ಪದ ಓದುವುದು, ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತ ಮುಂದಿನದನ್ನು ಹಾಡುವುದು. ಹೇಳು ಎಂದರೆ ಅವರಿಗೆ ಬರುವುದಿಲ್ಲ, ಹಾಡು ಎಂದರೆ ಬರುತ್ತದೆ. ಸಾಲುಗಳೆಲ್ಲ ಅವರಲ್ಲಿ ಧಾಟಿಯ ಜೊತೆಗೇ ಹೆಣೆದುಕೊಂಡಿದ್ದವು. ಐದನೆಯ ಇಯತ್ತೆಯವನು ಅವರಪ್ಪನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಸಣ್ಣವಳಿಗೆ ದಮ್ಮಡಿಯ ಗೆಜ್ಜೆ ಎಣಿಸುವ ಕೆಲಸ.

ರಜೆ ಮುಗಿಯುವಷ್ಟರಲ್ಲಿ ಹನ್ನೊಂದರಲ್ಲಿ ಏಳು ಪದ ತುಂಬಿಕೊಂಡವು. ನಾಲ್ಕು ಅಜ್ಜನಿಗೂ ನೆನಪಾಗಲಿಲ್ಲ. ಎರಡು ದಿನ ಅವರು ಪ್ರಯತ್ನಿಸಿದರು. ಕೊನೆಗೆ, “ನಿಮ್ಮ ಮುತ್ಯಾನ ಅಪ್ಪಗಷ್ಟ ಬರ್ತಿದ್ವು ತಂಗಿ, ಹ್ವಾದ್ವು” ಎಂದರು. ಆ ನಾಲ್ಕು ಪದಗಳಿಗೆ ಮೊಮ್ಮಗಳು ಹೊಸ ನೋಟ್‌ಬುಕ್ಕಿನಲ್ಲಿ ನಾಲ್ಕು ಖಾಲಿ ಪುಟ ಬಿಟ್ಟಿದ್ದಾಳೆ. ಬೇರೆ ಊರಿನ ಭಜನೆಯವರಲ್ಲಿ ಯಾರಿಗಾದರೂ ಬರುತ್ತಿರಬಹುದು ಎಂಬ ಆಸೆ ಅವಳದು. ಪ್ರತಿ ಭಾನುವಾರ ಫೋನ್ ಮಾಡಿ ಕೇಳುತ್ತಾಳೆ: “ಯಾರರ ಸಿಕ್ರೇನು ಮುತ್ಯಾ?” ಅವಳಿಗಾಗಿ ನಾನೀಗ ಬಿದನೂರು, ಚನ್ನೂರು ಎಂದು ಅಮಾವಾಸ್ಯೆಗೊಂದು ಊರು ತಿರುಗುತ್ತಿದ್ದೇನೆ. ಒಂದು ಪದದ ಎರಡು ಸಾಲು ಸಿಕ್ಕಿವೆ.

ಮಕ್ಕಳೇ, ನೀವೂ ಮಾಡಿ

ಸಾಧ್ಯವಾದರೆ ಒಮ್ಮೆ ಕುಪ್ಪಳಿಗೆ ಹೋಗಿ ಬನ್ನಿ. ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಫೆಬ್ರುವರಿಯ ತನಕ ಹೋಗುವುದು ಒಳ್ಳೆಯದು. ಅಜ್ಜ-ಅಜ್ಜಿಯರನ್ನು ಬಿಟ್ಟು ಹೋಗಬೇಡಿ. ಅಲ್ಲಿರುವ ಅರ್ಧ ಸಾಮಾನುಗಳ ಉಪಯೋಗ ಗೊತ್ತಿರುವುದು ಅವರಿಗೇ. ಹೊರಡುವ ಮೊದಲು ಕುವೆಂಪು ಅವರ ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ನಾಟಕಗಳಲ್ಲಿ ಒಂದನ್ನಾದರೂ ಓದಿ. ದೊಡ್ಡವರಾದರೆ ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಓದಿದ ಮೇಲೆ ಹೋಗಿ. ಮನೆಯ ಒಂದೊಂದು ಮೂಲೆಯೂ ಮಾತಾಡುತ್ತದೆ.

ಹೋಗಲು ಆಗದಿದ್ದರೆ ನಿಮ್ಮ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಅಜ್ಜನಿಗೋ ಅಜ್ಜಿಗೋ ಬರುವ ಒಂದು ಹಾಡು ಕೇಳಿ. ಬೀಸುವ ಪದ, ಸೋಬಾನ, ಜೋಗುಳ, ತತ್ವಪದ, ಅಲಾಯಿ ಹಬ್ಬದ ರಿವಾಯತ್, ಯಾವುದಾದರೂ ಸರಿ. ಅವರು ಹಾಡಿದ ಹಾಗೆಯೇ ಬರೆದುಕೊಳ್ಳಿ, ಶುದ್ಧ ಮಾಡಲು ಹೋಗಬೇಡಿ. ಕೆಳಗೆ ಮೂರು ಸಂಗತಿ ಸೇರಿಸಿ: ಹಾಡಿದವರು ಯಾರು, ಅವರಿಗೆ ಕಲಿಸಿದವರು ಯಾರು, ಬರೆದ ತಾರೀಖು ಯಾವುದು. ಬರೆದ ಮೇಲೆ ಹಾಡಿದವರಿಗೇ ಓದಿ ತೋರಿಸಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ತಿದ್ದುವಾಗ ಇನ್ನೊಂದು ಹಾಡು ನೆನಪಾಗುತ್ತದೆ. ಅದನ್ನೂ ಬರೆದುಕೊಳ್ಳಿ.

ಅಜ್ಜ-ಅಜ್ಜಿಯರಿಗೆ ಒಂದು ಮಾತು: ಮಕ್ಕಳು ಕೇಳಿದಾಗ “ಅದೆಲ್ಲ ಈಗ ಯಾಕ” ಎನ್ನಬೇಡಿ. ಹಾಡಿರಿ.